ನರ್ಸಮ್ಮನ ನೈಟ್ ಡ್ಯೂಟಿ, ಭಾಗ 17: ಬರೀ "ಹೊಟ್ಟೆನೋವು" ಅಂತ ಬರೆದರೆ ಸಾಕಾ?

ಈ ಸರಣಿ ಬರೆದು ಎರಡು ತಿಂಗಳಾಯ್ತು. ಯಾಕೆ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಅಮ್ಮ ಇಲ್ಲಿ ಡಲ್ಲಾಸ್‌ಗೆ ಬಂದಿದ್ದಾಗ ಆಸ್ಪತ್ರೆ ಸೇರಬೇಕಾಯ್ತು. ಈಗ ಆರಾಮಾಗಿ ಅರಸೀಕೆರೆಗೆ ವಾಪಸ್ ಬಂದಿದ್ದಾರೆ, ಸಂಜೆ ಹೊತ್ತು ಜಗಲಿ ಮೇಲೆ ಕೂತಿರ್ತಾರೆ, ಹೋಗಿ ಮಾತಾಡಿಸಿ. "ಅಮೆರಿಕದಲ್ಲಿ ಗ್ಯಾಸ್ಟ್ರಿಕ್‌ಗೂ ಆಪರೇಷನ್ ಮಾಡಿಬಿಟ್ರಂತೆ" ಅಂತ ಊರಲ್ಲಿ ಸುದ್ದಿ ಹಬ್ಬಿದೆಯಂತೆ. ಅತ್ತೆ ಫೋನ್ ಮಾಡಿ ಕೇಳಿದ್ರು. ಅದು ಗ್ಯಾಸ್ಟ್ರಿಕ್ ಅಲ್ಲ, ಪಿತ್ತಕೋಶದಲ್ಲಿ ಕಲ್ಲು. ಆದರೆ ಅದನ್ನ ಗ್ಯಾಸ್ಟ್ರಿಕ್ ಅಂತ ಮೊದಲು ಹೇಳಿದ್ದು ಊರಿನವರಲ್ಲ, ಹದಿನಾಲ್ಕು ವರ್ಷ ನರ್ಸ್ ಕೆಲಸ ಮಾಡಿರೋ ನಾನೇ. ಅಮ್ಮನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ. "ಬರಿ, ಇನ್ನೊಬ್ಬರಿಗಾದ್ರೂ ಬುದ್ಧಿ ಬರ್ಲಿ" ಅಂದ್ರು. ಇನ್ನೊಬ್ಬರಿಗೆ ಅಂದಿದ್ದು ನನಗೇ ಅಂತ ಅರ್ಥ ಆಯ್ತು.

ಆವತ್ತು ಯುಗಾದಿ ಹಬ್ಬ. ಅಮ್ಮನ ಕೈ ಒಬ್ಬಟ್ಟು, ತುಪ್ಪ, ಮಾವಿನಕಾಯಿ ಚಿತ್ರಾನ್ನ. ರಾತ್ರಿ ಊಟ ಮಾಡಿ ಮಲಗಿದ ಮೇಲೆ, ಹನ್ನೆರಡರ ಹೊತ್ತಿಗೆ ಅಮ್ಮ ಎದ್ದು ಬಂದು "ಹೊಟ್ಟೆ ಯಾಕೋ ಹಿಂಡ್ತದೆ ಕಣೆ" ಅಂದ್ರು. ಮುಖ ಬೆವತಿತ್ತು. ಎಮರ್ಜೆನ್ಸಿಗೆ ಕರ್ಕೊಂಡು ಹೋದೆ. ಬಾಗಿಲಲ್ಲೇ ಟ್ರಯಾಜ್ ನರ್ಸ್ ಕೇಳಿದ್ಲು, "ಇಂಟರ್‌ಪ್ರಿಟರ್ ಬೇಕಾ?" ನಾನು ನಕ್ಕು, "ನಾನೇ ನರ್ಸು, ನಾನೇ ಹೇಳ್ತೀನಿ" ಅಂದೆ.

ಅವಳು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ಎಲ್ಲಿ ನೋವು? ಹೊಟ್ಟೆ. ಎಂಥ ನೋವು? ಹಿಡ್ಕೊಂಡಂಗೆ. ಮೊದಲು ಬಂದಿತ್ತಾ? ಹೌದು, ವರ್ಷಗಟ್ಟಲೆಯಿಂದ ಗ್ಯಾಸ್ ಇದೆ, ಬರ್ತದೆ ಹೋಗ್ತದೆ. ಹತ್ತಕ್ಕೆ ಎಷ್ಟು ನೋವು? ಇದೊಂದನ್ನ ಮಾತ್ರ ಅಮ್ಮನ ಕಡೆ ತಿರುಗಿ ಕೇಳಿದೆ. ಅಮ್ಮ "ತಡ್ಕೋಬಹುದು" ಅಂದ್ರು. ನಾನು "ನಾಲ್ಕು" ಅಂತ ಹೇಳಿದೆ. ನಮ್ಮಮ್ಮ "ತಡ್ಕೋಬಹುದು" ಅಂದ್ರೆ ಅದು ಎಂಟೋ ಒಂಬತ್ತೋ ಅಂತ ಅವರ ಮಗಳಾಗಿ ನನಗೆ ಗೊತ್ತಿರಬೇಕಿತ್ತು. ಕೊಟ್ಟಿಗೆಯಲ್ಲಿ ಎಮ್ಮೆ ಕಾಲು ತುಳಿದು ಬೆರಳು ಮುರಿದಾಗಲೂ ಹಾಲು ಕರೆದು ಮುಗಿಸಿ ಎದ್ದವರು ಅವರು.

ಡಾಕ್ಟರ್ ಬರೋ ಹೊತ್ತಿಗೆ ನೋವು ಇಳಿದಿತ್ತು. ಹೊಟ್ಟೆ ಒತ್ತಿ ನೋಡಿದ್ರು, ಮೆತ್ತಗಿತ್ತು. ರಕ್ತ ಪರೀಕ್ಷೆ ಸರಿ ಇತ್ತು. ಆಸಿಡ್ ಕಡಿಮೆ ಮಾಡೋ ಮಾತ್ರೆ ಬರೆದು ಮನೆಗೆ ಕಳಿಸಿದ್ರು. ಆ ರಾತ್ರಿಯ ಕಾಗದದ ಮೇಲೆ ಬಿದ್ದ ಕೋಡ್: ಆರ್ 10.9.

ಈ ಕೋಡ್ ಅಂದ್ರೇನು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಇವತ್ತಿನ ಜಗಳ ಇರೋದೇ ಅದರ ಸುತ್ತ. ಇಲ್ಲಿ ಯಾವುದೇ ಕಾಯಿಲೆಗೆ, ತೊಂದರೆಗೆ ಒಂದು ಅಕ್ಷರ ಮತ್ತು ಅಂಕಿಗಳ ಗುರುತು ಇದೆ. 1893ರಲ್ಲಿ ಬರ್ಟಿಯೋನ್ ಅನ್ನೋ ಫ್ರಾನ್ಸಿನ ಅಂಕಿಅಂಶ ತಜ್ಞ ಜನ ಯಾವ ಯಾವ ಕಾರಣಕ್ಕೆ ಸಾಯ್ತಾರೆ ಅಂತ ಎಲ್ಲ ದೇಶಗಳೂ ಒಂದೇ ರೀತಿ ಎಣಿಸಲಿ ಅಂತ ಒಂದು ಪಟ್ಟಿ ಕೊಟ್ಟ. ಅದೇ ಬೆಳೆದು ಬೆಳೆದು ಈಗ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಆಗಿದೆ. ಅದರ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅಮೆರಿಕ ಇನ್ನೂ ಹತ್ತನೆಯದರಲ್ಲೇ ಇದೆ, ಅದನ್ನೂ ಶುರು ಮಾಡಿದ್ದು 2015ರ ಅಕ್ಟೋಬರ್ 1ಕ್ಕೆ. ನಮ್ಮ ಪ್ರೈಮರಿ ಹೆಲ್ತ್ ಸೆಂಟರಿನ ಗೋದ್ರೇಜ್ ಬೀರು ನೆನಪಿಸ್ಕೊಳ್ಳಿ. ಅದರಲ್ಲಿ ಕೆ ಅನ್ನೋ ಖಾನೆ ಜೀರ್ಣಾಂಗದ, ಹೆಸರು ಸಿಕ್ಕ ಕಾಯಿಲೆಗಳದ್ದು. ಆರ್ ಅನ್ನೋ ಖಾನೆ ಇನ್ನೂ ಹೆಸರು ಸಿಗದೆ ಇರೋ ತೊಂದರೆಗಳದ್ದು: ಸುಸ್ತು, ತಲೆಸುತ್ತು, ಹೊಟ್ಟೆನೋವು.

ಆರ್ 10 ಅಂದ್ರೆ ಹೊಟ್ಟೆ ಮತ್ತು ಕಿಬ್ಬೊಟ್ಟೆ ನೋವು. ಅದರೊಳಗೂ ಮನೆಗಳಿವೆ. ಬಲಗಡೆ ಮೇಲೆ ಆದ್ರೆ ಆರ್ 10.11. ಎದೆಗೂಡಿನ ಕೆಳಗೆ ನಟ್ಟನಡುವೆ ಆದ್ರೆ ಆರ್ 10.13. ಬಲಗಡೆ ಕೆಳಗೆ ಆದ್ರೆ ಆರ್ 10.31. ಹೊಕ್ಕಳ ಸುತ್ತ ಆದ್ರೆ ಆರ್ 10.33. ಹೊಟ್ಟೆ ತುಂಬಾ ಆದ್ರೆ ಆರ್ 10.84. ಇವ್ಯಾವುದೂ ಬರೆದಿಲ್ಲ ಅಂದ್ರೆ ಆರ್ 10.9, ಅಂದ್ರೆ "ಹೊಟ್ಟೆನೋವು, ಎಲ್ಲಿ ಅಂತ ಹೇಳಿಲ್ಲ". ಹೊಟ್ಟೆ ಹಿಂಡೋದಕ್ಕೆ, ಕಿವುಚೋದಕ್ಕೆ ಅಂತ ಬೇರೆ ಗುರುತೇ ಇಲ್ಲ. ಕೋಡ್ ಪುಸ್ತಕದ ಸೂಚಿಯಲ್ಲಿ ಆ ಪದ ತೆಗೆದರೆ "ನೋವು ಅನ್ನೋ ಕಡೆ ನೋಡಿ" ಅಂತ ಕಳಿಸುತ್ತೆ. ಅಲ್ಲಿ ಹೋದ್ರೆ ಮೊದಲ ಪ್ರಶ್ನೆ, "ಎಲ್ಲಿ?" ಮುಟ್ಟಿನ ಹೊಟ್ಟೆನೋವಿಗೆ ಮಾತ್ರ ದಾರಿ ಬೇರೆ, ಅದು ಎನ್ 94.6.

ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಲ್ಲಿ ಇದೇ ಕೋಡಿಂಗ್ ಕೆಲಸ ಮಾಡೋದು ಅಂತ ನಿಮಗೆ ಗೊತ್ತು. ಬಿಎಸ್ಸಿ ಮುಗಿಸಿದ ನಮ್ಮ ಕಡೆ ಎಷ್ಟೋ ಹುಡುಗ ಹುಡುಗೀರು ಬೆಂಗಳೂರು, ಚೆನ್ನೈ, ಹೈದರಾಬಾದಲ್ಲಿ ಕೂತು ಅಮೆರಿಕದ ಆಸ್ಪತ್ರೆ ಕಾಗದ ಓದ್ತಾರೆ. ಅವರು ರೋಗಿಯ ಮುಖ ನೋಡಿಲ್ಲ, ನರಳೋದು ಕೇಳಿಲ್ಲ. ಅವಳು ಒಂದ್ಸಲ ನನಗೆ ಹೇಳಿದ್ದು: "ಅಕ್ಕಾ, ಬರೆದಿದ್ರೆ ಮಾತ್ರ ನಮಗೆ ಕಾಣೋದು. ಬಲಗಡೆ ಇರಬಹುದು ಅಂತ ನಾವು ಊಹೆ ಮಾಡಿ ಹಾಕೋ ಹಾಗಿಲ್ಲ." ಅದು ಸರಿಯಾದ ನಿಯಮ. ಎಮರ್ಜೆನ್ಸಿಯಿಂದ ಮನೆಗೆ ಹೋಗೋ ರೋಗಿಗೆ ಡಾಕ್ಟರ್ "ಪಿತ್ತಕೋಶದ ಕಲ್ಲು ಇದ್ರೂ ಇರಬಹುದು" ಅಂತ ಬರೆದರೆ ಕಲ್ಲಿನ ಕೋಡ್ ಹಾಕೋ ಹಾಗಿಲ್ಲ, ನೋವಿನ ಕೋಡೇ ಹಾಕಬೇಕು. ನರ್ಸ್ ಬರೆದಿದ್ದರ ಮೇಲೂ ಕಾಯಿಲೆಯ ಕೋಡ್ ಹಾಕೋ ಹಾಗಿಲ್ಲ, ಡಾಕ್ಟರ್ ಬರೆದಿದ್ದರ ಮೇಲೇ ಹಾಕಬೇಕು. ಆದರೆ ಡಾಕ್ಟರ್ ಒಳಗೆ ಬರೋಕೆ ಮುಂಚೆ ಮೊದಲು ಓದೋದು ನರ್ಸ್ ಬರೆದ ಆ ಎರಡು ಸಾಲು. ಅಮ್ಮನ ವಿಷಯದಲ್ಲಿ ಆ ಎರಡು ಸಾಲು ನನ್ನ ಬಾಯಿಂದ ಬಂದದ್ದು.

ಐದು ದಿನ ಬಿಟ್ಟು ಮತ್ತೆ ನೋವು. ಈ ಸಲ ಜ್ವರ, ವಾಂತಿ. ಅದೇ ಆಸ್ಪತ್ರೆ, ಬೇರೆ ನರ್ಸ್. ನಾನು ಮತ್ತೆ "ನಾನೇ ಹೇಳ್ತೀನಿ" ಅಂದಾಗ ಅವಳು ಒಪ್ಪಲಿಲ್ಲ. "ನೀವು ಮಗಳಾಗಿ ಪಕ್ಕದಲ್ಲಿ ಕೂತ್ಕೊಳ್ಳಿ, ಅವರ ಮಾತು ಅವರ ಬಾಯಿಂದಲೇ ನಾನು ಕೇಳಬೇಕು" ಅಂದ್ಲು. ಫೋನಲ್ಲಿ ಕನ್ನಡದ ಇಂಟರ್‌ಪ್ರಿಟರ್ ಕರೆಸಿದ್ಲು. ಇದು ಅವಳ ಉಪಕಾರ ಅಲ್ಲ, ಕಾನೂನು. ಸರ್ಕಾರದ ಹಣ ಪಡೆಯೋ ಆಸ್ಪತ್ರೆಗಳು ಇಂಗ್ಲಿಷ್ ಬರದ ರೋಗಿಗೆ ಪುಕ್ಕಟೆಯಾಗಿ ಇಂಟರ್‌ಪ್ರಿಟರ್ ಕೊಡಬೇಕು ಅಂತ 2010ರ ಆರೋಗ್ಯ ಕಾಯ್ದೆಯ ಅಡಿಯ ನಿಯಮಗಳಲ್ಲೇ ಇದೆ. ಇಲ್ಲಿರೋ ನಮ್ಮವರು ಮಾತ್ರ "ನಮಗೆ ಇಂಗ್ಲಿಷ್ ಬರಲ್ವಾ" ಅಂತ ಅಭಿಮಾನಕ್ಕೆ ಬೇಡ ಅಂತೀವಿ.

ಸ್ಪೀಕರಿಂದ "ನಮಸ್ಕಾರ ಅಮ್ಮ" ಅಂತ ಕನ್ನಡ ಕೇಳಿದ್ದೇ ತಡ, ಅಮ್ಮ ನೋವು ಮರೆತು "ಯಾವೂರವ್ವ ನಿಂದು?" ಅಂದ್ರು. ಆಕೆ ಪಾಪ ನಗು ತಡ್ಕೊಂಡು, "ಮೊದಲು ನಿಮ್ಮ ನೋವು ಹೇಳಿ ಅಮ್ಮ" ಅಂದ್ರು. ಆಮೇಲೆ ಅಮ್ಮ ಐದು ನಿಮಿಷ ಮಾತಾಡಿದ್ರು. ಬಲಗಡೆ ಪಕ್ಕೆಲುಬಿನ ಕೆಳಗೆ ಒದ್ದೆ ಕಂಬಳಿ ಹಿಂಡಿದಂಗೆ ಆಗ್ತದೆ. ಹಿಂಡಿ ಬಿಡಲ್ಲ, ಹಂಗೇ ಹಿಡ್ಕೊಂಡಿರ್ತದೆ. ಅಲ್ಲಿಂದ ಬೆನ್ನಿಗೆ, ಬಲ ಹೆಗಲಿನ ಮೂಳೆ ಕೆಳಗೆ ಹೊಡೀತದೆ. ಹಬ್ಬದೂಟ ಆಗಿ ಮೂರ್ನಾಲ್ಕು ಗಂಟೆಗೆ ಶುರುವಾಯ್ತು, ತುಪ್ಪ ಎಣ್ಣೆ ಬಿದ್ರೆ ಜಾಸ್ತಿ. "ಗ್ಯಾಸ್ ಬೇರೆ. ಅದು ಕಡ್ಲೆ ತಿಂದ್ರೆ ತೇಗು ಬರ್ತದಲ್ಲ, ಅದು ನಂಗೆ ಮೊದ್ಲಿಂದ ಉಂಟು. ಇದು ಅದಲ್ಲ. ಇಂಥದ್ದು ನನ್ನ ಜನ್ಮದಲ್ಲೇ ಬಂದಿರ್ಲಿಲ್ಲ."

ನಾನು ಪಕ್ಕದಲ್ಲಿ ಕೂತು ಕೇಳ್ತಾ ಇದ್ದೆ. ನರ್ಸಿಂಗ್ ಓದಿದ ಯಾರಿಗಾದ್ರೂ ಈ ಮಾತು ಕೇಳಿದ್ರೆ ಪಿತ್ತಕೋಶ ಅಂತ ಹೊಳೀಬೇಕು, ಪಾಠದಲ್ಲಿ ಇರೋದೇ ಹೀಗೆ. ಐದು ದಿನದ ಹಿಂದೆ ಇದೇ ಮಾತು ಇದೇ ಅಮ್ಮನ ಹತ್ರ ಇತ್ತು. ನಾನು ಕೇಳಿರಲಿಲ್ಲ. ಆ ನರ್ಸ್ ಕೊಟೇಶನ್ ಮಾರ್ಕ್ ಹಾಕಿ, ಒದ್ದೆ ಕಂಬಳಿ ಸಮೇತ ಎಲ್ಲ ಟೈಪ್ ಮಾಡಿದ್ಲು. ಸ್ಕ್ಯಾನಲ್ಲಿ ಕಲ್ಲು ಕಂಡಿತು, ಪಿತ್ತಕೋಶ ಊದ್ಕೊಂಡಿತ್ತು. ಮಾರನೇ ದಿನ ಆಪರೇಷನ್. ಕಾಗದದಲ್ಲಿ ಅಮ್ಮ ಆರ್ ಖಾನೆಯಿಂದ ಕೆ ಖಾನೆಗೆ ಬಂದ್ರು, ಕೆ 80.00, ಕಲ್ಲಿನ ಜೊತೆ ಪಿತ್ತಕೋಶದ ಉರಿಯೂತ.

ಕಥೆ ಇಲ್ಲಿಗೆ ಮುಗೀಲಿಲ್ಲ. ಅಮ್ಮನಿಗೆ ಮಾಡಿಸಿದ್ದು ವಿಸಿಟರ್ಸ್ ಇನ್ಶೂರೆನ್ಸು. ಅಂಥ ಪಾಲಿಸಿಗಳಲ್ಲಿ ಮುಂಚಿನಿಂದ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡಲ್ಲ, ಕೊಟ್ಟರೂ ನೂರು ಷರತ್ತು. ತಿಂಗಳಾದ ಮೇಲೆ ಕಾಗದ ಬಂತು: ಎರಡೂ ಸಲದ್ದು ಮುಂಚಿನಿಂದ ಇದ್ದ ತೊಂದರೆ, ಕೊಡೋಕಾಗಲ್ಲ. ಆಸ್ಪತ್ರೆಯ ವೆಬ್‌ಸೈಟಲ್ಲಿ ಲಾಗಿನ್ ಆಗಿ ಅಮ್ಮನ ದಾಖಲೆ ತೆಗೆದೆ. ಇಲ್ಲಿ 2021ರ ಏಪ್ರಿಲಿಂದ ಡಾಕ್ಟರ್, ನರ್ಸ್ ಬರೆದ ಟಿಪ್ಪಣಿಗಳನ್ನ ರೋಗಿ ತಡವಿಲ್ಲದೆ ಓದಬಹುದು. ಮೊದಲ ರಾತ್ರಿಯ ಟಿಪ್ಪಣಿಯಲ್ಲಿ ಒಂದು ಸಾಲು ಇತ್ತು: ವರ್ಷಗಳಿಂದ ಬಂದು ಹೋಗುವ ಹೊಟ್ಟೆನೋವು ಎಂದು ಮಗಳು ಹೇಳುತ್ತಾಳೆ.

ಮಗಳು ಹೇಳುತ್ತಾಳೆ. ಆ ಸಾಲನ್ನ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಟ್ರಯಾಜ್ ನರ್ಸ್ ತಪ್ಪು ಬರೆದಿಲ್ಲ, ನಾನು ಹೇಳಿದ್ದನ್ನೇ ಬರೆದಿದ್ಲು. ದಾಖಲೆ ತಿದ್ದಿ ಅಂತ ಕೇಳೋ ಹಕ್ಕು ಇಲ್ಲಿ ರೋಗಿಗೆ ಇದೆ, ಆಸ್ಪತ್ರೆ 60 ದಿನದೊಳಗೆ ಉತ್ತರ ಕೊಡಬೇಕು. ಅಮ್ಮನ ಸಹಿ ಹಾಕಿಸಿ ಅರ್ಜಿ ಕೊಟ್ಟೆ. ಬರೆದದ್ದನ್ನ ಅಳಿಸಲಿಲ್ಲ, ಅಳಿಸಲೂಬಾರದು. ಅಮ್ಮನ ಹೇಳಿಕೆಯನ್ನ ಅದರ ಜೊತೆಗೆ ಸೇರಿಸಿದ್ರು. ಎರಡನೇ ಸಲದ ಬಿಲ್ಲಿಗೆ ಆ ನರ್ಸ್ ಬರೆದ "ಇಂಥದ್ದು ಜನ್ಮದಲ್ಲೇ ಬಂದಿರಲಿಲ್ಲ" ಅನ್ನೋ ಸಾಲು ಆಧಾರ ಆಯ್ತು, ಪಾಲಿಸಿಯ ಮಿತಿಯಷ್ಟು ಕೊಟ್ರು. ಮೊದಲ ರಾತ್ರಿಯ ಬಿಲ್ಲನ್ನ ನಾನು ಕಂತಲ್ಲಿ ಕಟ್ತಾ ಇದೀನಿ. ನನ್ನ ಬಾಯಿಗೆ ಹಾಕಿದ ದಂಡ ಅಂದ್ಕೊಂಡಿದೀನಿ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. "ಈ ಕೋಡು, ಈ ಬರವಣಿಗೆ ಎಲ್ಲ ಬಿಲ್ಲು ಮಾಡೋಕೆ, ರೋಗಿಗೇನು ಲಾಭ" ಅಂತ ನಾನೂ ಎಷ್ಟೋ ಸಲ ಬೈದಿದೀನಿ. ನಿಮ್ಮಲ್ಲೂ ಕೆಲವರು ಹೇಳ್ತೀರ, "ಅಲ್ಲಿ ಡಾಕ್ಟರುಗಳು ಕಂಪ್ಯೂಟರ್ ನೋಡ್ತಾರೆ, ನಮ್ಮ ಡಾಕ್ಟ್ರು ಮುಖ ನೋಡ್ತಾರೆ." ಅದರಲ್ಲಿ ಸತ್ಯ ಇದೆ. ಹನ್ನೆರಡು ಗಂಟೆ ಡ್ಯೂಟಿಯಲ್ಲಿ ಎಷ್ಟು ಹೊತ್ತು ಕೀಬೋರ್ಡ್ ಮುಂದೆ ಹೋಗ್ತದೆ ಅಂತ ನನಗೆ ಗೊತ್ತು. ಚೌಕದಲ್ಲಿ ಟಿಕ್ ಹಾಕಿ ಮುಂದಕ್ಕೆ ಹೋಗೋದು ಸುಲಭ, ನಾನೂ ಹಾಕಿದೀನಿ. ಆದರೂ ಈಗ ನನಗೆ ಅನ್ಸೋದು, ಬರವಣಿಗೆ ಅನ್ನೋದು ಚಿಕಿತ್ಸೆಯದೇ ಒಂದು ಭಾಗ. ಶಿಫ್ಟ್ ಬದಲಾದಾಗ ನಾನು ಮನೆಗೆ ಹೋಗ್ತೀನಿ, ರೋಗಿ ಅಲ್ಲೇ ಇರ್ತಾರೆ. ಅವರ ಪಕ್ಕ ಉಳಿಯೋದು ನಾನು ಬರೆದದ್ದು ಮಾತ್ರ.

ಊರಿನ ವಿಷಯಕ್ಕೂ ಬರ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ "ಹೊಟ್ಟೆನೋವು" ಅನ್ನೋದು ಮಾತು ಮುಗಿಸೋ ಪದ. ಹೈಸ್ಕೂಲಲ್ಲಿ ಹುಡುಗೀರು ಬರೆಯೋ ರಜಾ ಚೀಟಿಯಲ್ಲಿ "ಹೊಟ್ಟೆನೋವಿನ ಪ್ರಯುಕ್ತ" ಅಂತಿದ್ರೆ ಮೇಷ್ಟ್ರು ಮುಂದೆ ಕೇಳಲ್ಲ. ತಿಂಗಳು ತಿಂಗಳು ಆ ಹುಡುಗಿ ಎದ್ದು ನಿಲ್ಲೋಕಾಗದಷ್ಟು ನರಳಿದ್ರೂ ಮನೆಯಲ್ಲೂ "ಎಲ್ಲರಿಗೂ ಬರೋದೇ" ಅಂತ ಮುಗಿಸ್ತಾರೆ. ಪೇಪರಲ್ಲಿ ಚಿಕ್ಕಂದಿನಿಂದ ಓದಿದ ಒಂದು ಥರದ ಸುದ್ದಿ ಇದೆಯಲ್ಲ, "ಹೊಟ್ಟೆನೋವು ತಾಳಲಾರದೆ" ಹೆಣ್ಣುಮಗಳೊಬ್ಬಳು ಜೀವ ಕಳ್ಕೊಂಡ್ಲು ಅಂತ. ಯಾವ ಹೊಟ್ಟೆನೋವು, ಎಷ್ಟು ದಿನದ್ದು, ಯಾರಿಗೆ ತೋರಿಸಿದ್ಲು, ಒಂದೂ ಇರಲ್ಲ. ನಿಜವಾದ ಹೊಟ್ಟೆನೋವೇ ಇದ್ದಿರಬಹುದು, ಮನೆಯೊಳಗಿನ ಬೇರೆ ನೋವಿದ್ದಿರಬಹುದು. ಆ ಪದ ಬರೆದ ಮೇಲೆ ಕಡತ ಮುಚ್ಚಿತು.

ಅದೇ ಥರ "ಗ್ಯಾಸ್ಟ್ರಿಕ್". ಎದೆ ಉರಿದ್ರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದ್ರೆ ಗ್ಯಾಸ್ಟ್ರಿಕ್. ಹೃದಯಾಘಾತದ ನೋವೂ ಕೆಲವರಿಗೆ ಹೊಟ್ಟೆಯ ಮೇಲ್ಭಾಗದಲ್ಲೇ ಬರ್ತದೆ, ಅದಕ್ಕೂ ಸೋಡಾ ಕುಡಿಸಿ ಮಲಗಿಸ್ತಾರೆ. ವಯಸ್ಸಾದವರಿಗೆ ಮೇಲ್ಹೊಟ್ಟೆ ನೋವಿನ ಜೊತೆ ಬೆವರು, ಉಸಿರು ಕಟ್ಟಿದಂಗೆ ಆದ್ರೆ ದಯವಿಟ್ಟು ಸೋಡಾ ಹುಡುಕಬೇಡಿ, ಗಾಡಿ ಹುಡುಕಿ. ಗೊತ್ತಿಲ್ಲದ್ದಕ್ಕೆ ಗೊತ್ತಿರೋ ಹೆಸರು ಇಡೋದಕ್ಕಿಂತ "ಬಲಗಡೆ ಮೇಲೆ ನೋವು, ಕಾರಣ ಇನ್ನೂ ಗೊತ್ತಾಗಿಲ್ಲ" ಅಂತ ಬರೆಯೋದು ಎಷ್ಟೋ ಮೇಲು. ಆರ್ ಖಾನೆಯ ಕೋಡನ್ನ ನಾನು ಗೌರವಿಸೋದು ಅದಕ್ಕೇ. ಗೊತ್ತಿಲ್ಲ ಅಂತ ಒಪ್ಕೊಳ್ಳೋಕೆ ಅದರಲ್ಲಿ ಜಾಗ ಇದೆ. ಆದರೆ ಎಲ್ಲಿ, ಹೇಗೆ ಅಂತ ಕೇಳದೆ 10.9 ಹಾಕೋದು ಸೋಮಾರಿತನ, ಅದಕ್ಕೆ ನಾನೂ ಪಾಲುದಾರಳು.

ನೀವು ಮಾಡಬೇಕಾದ್ದು ಇಷ್ಟೇ. ಮನೆಯಲ್ಲಿ ಯಾರಿಗಾದ್ರೂ ಹೊಟ್ಟೆನೋವು ಅಂದ್ರೆ ಆಸ್ಪತ್ರೆಗೆ ಹೋಗೋ ದಾರಿಯಲ್ಲೇ ಕೇಳಿ: ಒಂದೇ ಬೆರಳಲ್ಲಿ ತೋರಿಸು, ಎಲ್ಲಿ? ಯಾವಾಗ ಶುರುವಾಯ್ತು, ಅದಕ್ಕೆ ಮುಂಚೆ ಏನು ತಿಂದೆ? ಹಿಂಡ್ತದಾ, ಚುಚ್ತದಾ, ಉರೀತದಾ, ನುಲೀತದಾ? ಬಿಟ್ಟು ಬಿಟ್ಟು ಬರ್ತದಾ, ಹಂಗೇ ಇರ್ತದಾ? ಬೇರೆ ಕಡೆಗೆ ಹೊಡೀತದಾ? ವಾಂತಿ, ಜ್ವರ, ಭೇದಿ, ಮುಟ್ಟು? ಹೆಣ್ಣುಮಕ್ಕಳಿಗೆ ಕೊನೆಯದನ್ನ ನಾಚಿಕೆ ಬಿಟ್ಟು ಕೇಳಿ. ಇದೇ ನೋವು ಮೊದಲು ಬಂದಿತ್ತಾ, ಇಲ್ಲಾ ಬೇರೆ ಥರದ್ದಾ? ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರ್ಕೊಳ್ಳಿ. ನಮ್ಮ ಭಾಷೆಯಲ್ಲಿ ನೋವಿಗೆ ಇಷ್ಟೊಂದು ಮಾತಿದೆ, ಒಂದೇ ಒಂದನ್ನ ಬಳಸಿ ಸುಮ್ಮನಾಗೋದ್ಯಾಕೆ?

ಡಾಕ್ಟರ ಮುಂದೆ ಹೋದ ಮೇಲೆ ರೋಗಿಯನ್ನೇ ಮಾತಾಡೋಕೆ ಬಿಡಿ. ಬಿಟ್ಟದ್ದನ್ನ ಸೇರಿಸಿ, ಮುಂಚೇನೇ ಬಾಯಿ ಹಾಕಬೇಡಿ. ಸುಳ್ಳು ಹೇಳಿ ಅಂತ ಹೇಳ್ತಿಲ್ಲ. ಹಳೇ ಕಾಯಿಲೆ ಇದ್ರೆ ಹೇಳಲೇಬೇಕು, ಮುಚ್ಚಿಟ್ರೆ ಜೀವಕ್ಕೇ ಅಪಾಯ. ಆದರೆ ಅಂದಾಜಿಗೆ "ಮೊದಲಿಂದಲೂ ಇದೆ" ಅನ್ನಬೇಡಿ. ಊರಲ್ಲೂ ಈಗ ಎಷ್ಟೋ ಜನರ ಹತ್ರ ಹೆಲ್ತ್ ಪಾಲಿಸಿ ಇದೆ. ಮುಂಚಿನ ಕಾಯಿಲೆಗೆ ಕಾಯೋ ಅವಧಿ 2024ರಿಂದ ಹೆಚ್ಚಂದ್ರೆ 36 ತಿಂಗಳು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಯಾರೋ ಬಾಯಿತಪ್ಪಿ ಹೇಳಿದ "ಎರಡು ವರ್ಷದಿಂದ" ಅನ್ನೋ ಮಾತು ಕೂತಿದ್ರೆ ಆಮೇಲೆ ಓಡಾಡೋದು ನೀವೇ. ಅದನ್ನ ಕೈಗೆ ಕೊಟ್ಟಾಗ ಪ್ಲಾಸ್ಟಿಕ್ ಕವರಿಗೆ ಹಾಕೋಕೆ ಮುಂಚೆ ಒಂದ್ಸಲ ಓದಿ. ಅರ್ಥ ಆಗ್ಲಿಲ್ಲ ಅಂದ್ರೆ ಅಲ್ಲೇ ನಿಂತು ಕೇಳಿ.

ಹಾಸನದಲ್ಲಿ, ಮೈಸೂರಲ್ಲಿ ನರ್ಸಿಂಗ್ ಓದ್ತಿರೋ ನಮ್ಮೂರ ಹುಡುಗೀರಿಗೆ ಒಂದು ಮಾತು. ರೋಗಿ ಹೇಳಿದ್ದನ್ನ ರೋಗಿಯ ಮಾತಲ್ಲೇ ಬರೀರಿ. ಒದ್ದೆ ಕಂಬಳಿ ಅಂದ್ರೆ ಒದ್ದೆ ಕಂಬಳಿ ಅಂತಲೇ ಬರೀರಿ. ನಿಮ್ಮ ಇಂಗ್ಲಿಷ್ ಚೆನ್ನಾಗಿಲ್ಲ ಅಂತ ಯಾರೂ ನಗಲ್ಲ. ನಕ್ಕರೆ ನನ್ನ ಹೆಸರು ಹೇಳಿ.

ಮೊನ್ನೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ "ಈಗ ಹೇಗಿದೆ?" ಅಂದೆ. "ಚೆನ್ನಾಗಿದೀನಿ" ಅಂದ್ರು. ಅಷ್ಟಕ್ಕೇ ಬಿಡಲಿಲ್ಲ, "ಚೆನ್ನಾಗಿ ಅಂದ್ರೆ ಹೇಗೆ, ಗಾಯ ಎಳೀತದಾ, ಊಟ ಸೇರ್ತದಾ?" ಅಂತ ಕೇಳಿದೆ. ಅಮ್ಮ ಕ್ಯಾಮೆರಾ ಕಡೆ ನೋಡಿ, "ಹೂಂ, ಈಗ ನರ್ಸಮ್ಮ ಆದೆ ನೋಡು" ಅಂದ್ರು.

ಮುಂದಿನ ಭಾಗದಲ್ಲಿ ಬಿಪಿ ಮಾತ್ರೆ ಮಧ್ಯದಲ್ಲಿ ನಿಲ್ಲಿಸೋರ ಬಗ್ಗೆ. ಮಾವ, ಅದು ನಿಮಗೇನೇ.